ಹಿಮಹಾಸಿನ ಮೇಲೆ ಮನೆವಾರ್ತೆ

ಗ್ರೀನ್‌ಲ್ಯಾಂಡಿನ ಹಿಮಹಾಸನ್ನು ಸ್ಕೀ ಹಾಕಿಕೊಂಡು ದಾಟಿ ಬಂದಿದ್ದೇನೆ ಅಂದರೆ ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಜನ ಮೊದಲು ಕೇಳುವುದು ಚಳಿಯ ಬಗ್ಗೆ. ಆಮೇಲೆ ಹಿಮಕರಡಿಯ ಬಗ್ಗೆ. ನೀರಿನ ವಿಷಯ ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಆ ನಾಲ್ಕು ವಾರ ಎಂದರೆ ಮೊದಲು ನೆನಪಾಗುವುದು ನೀರು, ಅದನ್ನು ಕಾಯಿಸುವ ಒಲೆ, ಒಣಗದ ಕಾಲುಚೀಲ, ನಾಳೆಯ ತಿಂಡಿಯ ಪೊಟ್ಟಣ. ಒಲೆ ಹೊತ್ತಬೇಕು, ನೀರಾಗಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಒದ್ದೆಯಾದದ್ದು ಒಣಗಬೇಕು. ಈ ಮನೆವಾರ್ತೆ ಅಚ್ಚುಕಟ್ಟಾಗಿ ನಡೆದರೆ ಆಚೆ ದಡ ಸೇರುತ್ತೇವೆ. ಇದು ಹದಗೆಟ್ಟರೆ ಎಷ್ಟು ಧೈರ್ಯವಿದ್ದರೂ ಹೆಲಿಕಾಪ್ಟರ್ ಕರೆಸಬೇಕಾಗುತ್ತದೆ. ನಾನು ಬರೆಯಬೇಕೆಂದಿರುವುದು ಈ ಮನೆವಾರ್ತೆಯ ಬಗ್ಗೆಯೇ.

ಮೊದಲು ಜಾಗದ ಪರಿಚಯ. ಗ್ರೀನ್‌ಲ್ಯಾಂಡ್ ದ್ವೀಪದ ಸುಮಾರು ಶೇ. 80ರಷ್ಟನ್ನು ಮುಚ್ಚಿಕೊಂಡು ಕೂತಿರುವ ಮಂಜುಗಡ್ಡೆ ಈ ಹಿಮಹಾಸು. ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿಲೊಮೀಟರ್, ದಪ್ಪ ಕೆಲವೆಡೆ 3 ಕಿಲೊಮೀಟರಿಗೂ ಮಿಕ್ಕಿ. ನಾವು ದಾಟಿದ್ದು ಆರ್ಕ್‌ಟಿಕ್ ವೃತ್ತದ ಆಸುಪಾಸಿನಲ್ಲಿ. ಪಶ್ಚಿಮದ ಕಂಗರ್ಲುಸುವಾಕ್ ಎಂಬ ಊರಿನಿಂದ ಹೊರಟು ಪೂರ್ವ ಕರಾವಳಿಯ ಇಸೊರ್ತೊಕ್ ಹತ್ತಿರ ಇಳಿಯುವ ದಾರಿ ಅದು, ಸುಮಾರು 550 ಕಿಲೊಮೀಟರ್. ನಡುವೆ ಒಂದು ಮನೆಯಿಲ್ಲ, ಮರವಿಲ್ಲ, ಕಲ್ಲು ಕೂಡ ಇಲ್ಲ. ದಾರಿಯ ನೆತ್ತಿ ಸುಮಾರು 2,500 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಆದರೆ ಏರು ಎಷ್ಟು ನಿಧಾನ ಅಂದರೆ ಅದು ಸಾಮಾನಿನ ಜಾರುಬಂಡಿ ಎಳೆಯುವ ಸೊಂಟಕ್ಕೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಹಿಮಹಾಸಿನ ಮೇಲೆ ಕಾಲಿಡಲು ಅಲ್ಲಿನ ಸರ್ಕಾರದ ಪರವಾನಗಿ ಬೇಕು. ಹುಡುಕಿ ಪಾರುಮಾಡುವ ಖರ್ಚಿಗೆ ವಿಮೆ ತೋರಿಸದೆ ಅದು ಸಿಗುವುದಿಲ್ಲ. ನಮ್ಮ ತಂಡದಲ್ಲಿ ಆರು ಜನ, ಮೂರು ಟೆಂಟ್. ಮಾರ್ಗದರ್ಶಕಿ ನಾರ್ವೆಯವಳು. ನನ್ನ ಟೆಂಟಿನ ಜೊತೆಗಾತಿ ಸ್ಕಾಟ್ಲೆಂಡಿನ ನರ್ಸ್. ಕನ್ನಡದವಳು ನಾನೊಬ್ಬಳೇ.

ನಾನು ಕಾರವಾರದಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಚಳಿಗಾಲದ ಬೆಳಗಿನಲ್ಲೂ ಬೆವರು ಬರುವ ಊರಿನಲ್ಲಿ ಇದಕ್ಕೆ ತಯಾರಿ ಹೇಗೆ ಸಾಧ್ಯ ಎಂದು ಹಲವರು ಕೇಳಿದ್ದಾರೆ. ಎಳೆಯುವ ತಯಾರಿಗೆ ಕಾರವಾರದ ಕಡಲತೀರಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ. ಧ್ರುವಯಾತ್ರೆಗೆ ಹೋಗುವವರು ಎಲ್ಲ ದೇಶಗಳಲ್ಲೂ ಹಳೆಯ ಟೈರನ್ನು ಸೊಂಟಕ್ಕೆ ಕಟ್ಟಿಕೊಂಡು ಎಳೆಯುತ್ತಾರೆ. ನಾನು ಗ್ಯಾರೇಜಿನಿಂದ ಎರಡು ಲಾರಿ ಟೈರು ತಂದು ಕೋಡಿಬಾಗದ ಕಡೆಯಿಂದ ಬೈತಖೋಲದ ಕಡೆಗೆ, ಸೂರ್ಯ ಹುಟ್ಟುವ ಮುಂಚೆ ಎಳೆಯುತ್ತಿದ್ದೆ. ಅಲೆ ಹೊಡೆದು ಗಟ್ಟಿಯಾದ ಮರಳಿನಲ್ಲಿ ಟೈರು ಸಲೀಸು. ಮೇಲಿನ ಒಣ ಮರಳಿಗೆ ಬಂದರೆ ಹತ್ತೇ ಹೆಜ್ಜೆಗೆ ಉಸಿರು ಹಿಡಿಯುತ್ತದೆ. ಮೊದಮೊದಲು ಹಗ್ಗದ ಭಾರವೆಲ್ಲ ಹೆಗಲ ಮೇಲೆ ಬೀಳುತ್ತಿತ್ತು. ರಾಂಪಣಿ ಬಲೆ ಎಳೆಯಲು ಬಂದಿದ್ದ ಹಿರಿಯರೊಬ್ಬರು ಎರಡು ದಿನ ನೋಡಿ, ಮೂರನೇ ದಿನ ಕರೆದು ಹೇಳಿದರು: “ತಂಗಿ, ಹೆಗಲಲ್ಲಿ ಎಳೀಬೇಡ. ಸೊಂಟಕ್ಕೆ ಕಟ್ಟು, ಮೈ ಸ್ವಲ್ಪ ಮುಂದೆ ಬಿಡು. ಕೈಗೆ ಕೆಲಸ ಕೊಡಬೇಡ.” ನಂತರ ನಾರ್ವೆಯಲ್ಲಿ ತರಬೇತಿ ಕೊಟ್ಟವರು ಹೇಳಿದ್ದೂ ಇದನ್ನೇ.

ಚಳಿಯ ತಯಾರಿಗೆ ನೆರವಾದದ್ದು ಮೀನು. ಬಂದರಿನ ಹತ್ತಿರದ ಶೈತ್ಯಾಗಾರವೊಂದರಲ್ಲಿ ಮೀನನ್ನು ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ. ಮಾಲೀಕರು ಒಳ್ಳೆಯವರು. ಕೆಲಸವಿಲ್ಲದ ಹೊತ್ತಿನಲ್ಲಿ ಒಳಗೆ ಹೋಗಲು ಬಿಟ್ಟರು, ಹೊರಗೆ ಒಬ್ಬ ಹುಡುಗನನ್ನು ಕಾವಲಿಗೂ ನಿಲ್ಲಿಸಿದರು. ಒಳಗೆ ನಾನು ದಪ್ಪ ಕೈಗವಸು ಹಾಕಿಕೊಂಡು ಜಿಪ್ ಎಳೆಯುವುದು, ಬಕಲ್ ಬಿಚ್ಚುವುದು, ದಿಕ್ಸೂಚಿ ಹೊಂದಿಸುವುದು, ಹಗ್ಗದ ಗಂಟು ಹಾಕುವುದು ಇಷ್ಟನ್ನೇ ಮತ್ತೆ ಮತ್ತೆ ಮಾಡುತ್ತಿದ್ದೆ. ಬರಿಗೈ ಹೊರಗಿಟ್ಟರೆ ಎಷ್ಟು ಹೊತ್ತಿಗೆ ಬೆರಳು ಮಾತು ಕೇಳುವುದು ನಿಲ್ಲಿಸುತ್ತದೆ ಎಂಬುದು ಅಲ್ಲೇ ತಿಳಿಯಿತು. ಜಿಪ್‌ಗಳಿಗೆಲ್ಲ ಗೇಣುದ್ದದ ದಾರ ಕಟ್ಟಿಕೊಂಡದ್ದು ಆ ತಣ್ಣನೆಯ ಕೋಣೆಯ ಪಾಠ. ಸ್ಕೀ ಕಲಿತದ್ದು ಗುಲ್ಮಾರ್ಗ್‌ನಲ್ಲಿ. ನಂತರ ನಾರ್ವೆಯ ಫಿನ್ಸೆಯಲ್ಲಿ ಟೆಂಟು, ಒಲೆ, ಜಾರುಬಂಡಿ ಸಮೇತ ಅಭ್ಯಾಸ ಮಾಡಿದೆ. ಬರ್ಗೆನ್ ರೈಲುಮಾರ್ಗದಲ್ಲಿ 1,222 ಮೀಟರ್ ಎತ್ತರದಲ್ಲಿರುವ ನಿಲ್ದಾಣ ಅದು. ಅಂಟಾರ್ಕ್‌ಟಿಕ್ ಅನ್ವೇಷಕ ಶಾಕಲ್ಟನ್ ತನ್ನ ಮೋಟಾರು ಜಾರುಬಂಡಿಗಳನ್ನು 1914ರಲ್ಲಿ ಪರೀಕ್ಷಿಸಿದ್ದು ಅಲ್ಲಿಯೇ.

ಊಟದ ತಯಾರಿ ನಡೆದದ್ದು ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿ. ಈ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ನನ್ನ ದಾಟುವಿಕೆಯ ಅರ್ಧ ಪಾಲು ಅಲ್ಲೇ ತೀರ್ಮಾನವಾಗಿತ್ತು. ದಿನವಿಡೀ ಭಾರ ಎಳೆಯುವ ದೇಹಕ್ಕೆ ಸುಮಾರು 5,000 ಕಿಲೊಕ್ಯಾಲೊರಿ ಬೇಕು. ಅಷ್ಟನ್ನೂ ದಿನಕ್ಕೆ ಒಂದು ಕಿಲೊ ತೂಕದೊಳಗೆ ಹಿಡಿಸಬೇಕು, ಯಾಕೆಂದರೆ ಹೊರುವವರೂ ನಾವೇ. ಬೇರೆಯವರು ಒಣಮಾಂಸ, ಸಲಾಮಿ, ಹಂದಿಕೊಬ್ಬು ತರುತ್ತಾರೆ. ನಾನು ಸಸ್ಯಾಹಾರಿ. ಆಯಿ, ಅಂದರೆ ಅಮ್ಮ, ಕೇಳಿದಳು, “ಕೂಸೆ, ಅಲ್ಲಿ ಉಂಬಲೆ ಎಂತ ಇದ್ದು?” ನಾನು ಲೆಕ್ಕ ಹೇಳಿದೆ: ನೂರು ಗ್ರಾಂ ಅವಲಕ್ಕಿಗೆ ಸುಮಾರು 350, ನೂರು ಗ್ರಾಂ ತುಪ್ಪಕ್ಕೆ ಸುಮಾರು 900 ಕಿಲೊಕ್ಯಾಲೊರಿ. ಲೆಕ್ಕ ಕೇಳಿದ ಮೇಲೆ ಆಯಿಗೆ ಮತ್ತೇನೂ ವಿವರಿಸಬೇಕಾಗಲಿಲ್ಲ. “ಹಂಗಾರೆ ತುಪ್ಪ ಹಾಕ್ಯಂಡು ಉಣ್ಣು” ಎಂದವಳೇ ಬೆಣ್ಣೆ ಕಾಯಿಸಲು ಶುರುಮಾಡಿದಳು.

ತುಪ್ಪವನ್ನು ತಟ್ಟೆಯಲ್ಲಿ ಹೊಯ್ದು, ಫ್ರಿಜ್ಜಿನಲ್ಲಿ ಗಟ್ಟಿಮಾಡಿ, ಅತ್ತಿಗೆ ಸಣ್ಣ ಸಣ್ಣ ಚೌಕ ಕತ್ತರಿಸಿಕೊಟ್ಟಳು. ಮೈನಸ್ 25ರಲ್ಲಿ ಡಬ್ಬಿಯ ತುಪ್ಪಕ್ಕೆ ಚಮಚ ಇಳಿಯುವುದಿಲ್ಲ, ಚೌಕವಾದರೆ ಎತ್ತಿ ಪಾತ್ರೆಗೆ ಹಾಕಬಹುದು. ತೆಳು ಅವಲಕ್ಕಿ ಬೆಳಗಿನ ತಿಂಡಿಗೆ. ಬೇಯಿಸಬೇಕಿಲ್ಲ, ಬಿಸಿನೀರು ಹೊಯ್ದರೆ ಮೂರು ನಿಮಿಷ ಸಾಕು. ಹಾಗಾಗಿ ಇಂಧನ ಉಳಿಯುತ್ತದೆ. ಅದಕ್ಕೆ ಹಾಲಿನ ಪುಡಿ, ಬೆಲ್ಲದ ಪುಡಿ, ತುಪ್ಪ. ರಾತ್ರಿಗೆ ಬೇಯಿಸಿ ಒಣಗಿಸಿದ ಅನ್ನ, ತೊವ್ವೆ, ಮೇಲೆ ಮತ್ತೆ ತುಪ್ಪ, ಚಟ್ನಿಪುಡಿ. ಹಗಲಿಗೆ ಕೊಬ್ಬರಿ, ಗೋಡಂಬಿ, ಎಳ್ಳುಂಡೆ, ಶೇಂಗಾ ಚಿಕ್ಕಿ, ಬಾಳೆಹಣ್ಣು ಒಣಗಿಸಿದ ಸುಕೇಳಿ. ಸುಕೇಳಿಯನ್ನೂ ಚಿಕ್ಕಿಯನ್ನೂ ಬಾಯಿಗೆ ಹಿಡಿಯುವಷ್ಟು ಸಣ್ಣಗೆ ಊರಲ್ಲೇ ಕತ್ತರಿಸಿಕೊಂಡೆ. ಒಣಗಿದ ಮುರುಗಲು (ಕೋಕಂ) ಸಿಪ್ಪೆ, ಬೆಲ್ಲ, ಉಪ್ಪು ಸೇರಿಸಿದ ಸಣ್ಣ ಪೊಟ್ಟಣಗಳು ಫ್ಲಾಸ್ಕಿಗೆ. ಒಂದು ಪುಟ್ಟ ಡಬ್ಬಿಯಲ್ಲಿ ಅಪ್ಪೆಮಿಡಿ. ಅಂಗಡಿಯ ಕವರುಗಳನ್ನೆಲ್ಲ ಬಿಚ್ಚಿ, ಒಂದೊಂದು ದಿನದ್ದನ್ನು ಒಂದೊಂದು ಚೀಲಕ್ಕೆ ತೂಗಿ ಕಟ್ಟಿದೆವು. ಜಗಲಿಯ ತುಂಬ ಚೀಲಗಳು. ಭಾವ ತೂಕದ ತಕ್ಕಡಿ ಬಿಟ್ಟು ಏಳಲೇ ಇಲ್ಲ.

ಕೊಬ್ಬಿನ ಬಗ್ಗೆ ನಾನು ಇಷ್ಟು ಹಠ ಹಿಡಿಯಲು ಕಾರಣ ನಾನ್ಸೆನ್. ಈ ಹಿಮಹಾಸನ್ನು ಮೊಟ್ಟಮೊದಲು ದಾಟಿದ್ದು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಮತ್ತು ಜೊತೆಯ ಐವರು, 1888ರಲ್ಲಿ. ಆರು ಜನರಲ್ಲಿ ಇಬ್ಬರು ಉತ್ತರ ಸ್ಕ್ಯಾಂಡಿನೇವಿಯಾದ ಮೂಲನಿವಾಸಿ ಸಾಮಿ ಜನಾಂಗದವರು. ಜನವಸತಿ ತೀರ ವಿರಳವಾದ ಪೂರ್ವ ತೀರದಿಂದ ಹೊರಟು ಊರುಗಳಿರುವ ಪಶ್ಚಿಮಕ್ಕೆ ಹೋದರು, ಅಂದರೆ ಹಿಂದಿರುಗಿದರೆ ಏನೂ ಇಲ್ಲದ ಹಾಗೆ ಯೋಜನೆ ಮಾಡಿಕೊಂಡಿದ್ದರು. ಅಕ್ಟೋಬರ್ 3ರಂದು ನಾನ್ಸೆನ್ ಈಗಿನ ರಾಜಧಾನಿ ನೂಕ್ ತಲುಪಿದ. ಅವರಿಗೆ ಸಿಕ್ಕಿದ್ದ ಒಣಮಾಂಸದ ಪೆಮ್ಮಿಕನ್‌ನಲ್ಲಿ ಕೊಬ್ಬನ್ನು ತೆಗೆದುಬಿಟ್ಟಿದ್ದರು. ಹೊಟ್ಟೆ ತುಂಬಿದ್ದರೂ ಕೊಬ್ಬಿಗಾಗಿ ಹಂಬಲಿಸಿ ಆ ಆರು ಜನ ಬಹಳ ಕಷ್ಟಪಟ್ಟರು. ಅದೇ ಯಾತ್ರೆಗೆಂದು ನಾನ್ಸೆನ್ ರೂಪಿಸಿದ ಅಡುಗೆ ಪಾತ್ರೆ, ಒಳಗಿನ ಪಾತ್ರೆಯಲ್ಲಿ ಅಡುಗೆಯಾಗುವಾಗ ಹೊರಗಿನದರಲ್ಲಿ ಹಿಮ ಕರಗುವಂಥದ್ದು, ಮುಂದೆ ಬಹಳ ಧ್ರುವಯಾತ್ರೆಗಳ ಜೊತೆ ಹೋಯಿತು. ಒಲೆಯ ಶಾಖ ಪೋಲಾಗದ ಹಾಗೆ ಯೋಚಿಸಿದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ.

ಇನ್ನು ಒಂದು ದಿನದ ಕಥೆ.

ಬೆಳಗ್ಗೆ ಆರಕ್ಕೆ ಅಲಾರಂ. ಎಚ್ಚರವಾದ ಕೂಡಲೇ ಏಳಬಾರದು. ರಾತ್ರಿ ನಾವು ಬಿಟ್ಟ ಉಸಿರೆಲ್ಲ ಟೆಂಟಿನ ಒಳಮೈಗೆ ಹರಳಾಗಿ ಹಿಡಿದಿರುತ್ತದೆ. ತಲೆ ತಾಗಿದರೆ ಅಷ್ಟೂ ಸ್ಲೀಪಿಂಗ್ ಬ್ಯಾಗಿನ ಮೇಲೆ ಉದುರಿ, ಒಲೆ ಹೊತ್ತಿದ ಮೇಲೆ ನೀರಾಗುತ್ತದೆ. ಮಲಗಿದಲ್ಲಿಂದಲೇ ಒಂದು ಬ್ರಶ್ಶಿನಿಂದ ಅದನ್ನು ಮೆಲ್ಲಗೆ ಕೆಳಗಿಳಿಸಿ, ಗುಡಿಸಿ ಹೊರಗೆ ಹಾಕಬೇಕು. ಈ ಕೆಲಸ ಒಬ್ಬರದು. ಅಷ್ಟರಲ್ಲಿ ಇನ್ನೊಬ್ಬರು ಬಾಗಿಲ ಬಳಿಯ ಪಡಸಾಲೆಯಲ್ಲಿ ಒಲೆ ಹೊತ್ತಿಸುತ್ತಾರೆ. ಬಿಳಿ ಪೆಟ್ರೋಲಿನ ಪಂಪ್ ಸ್ಟವ್. ಮೊದಲು ಸ್ವಲ್ಪ ಇಂಧನ ಬಿಟ್ಟು ಬರ್ನರ್ ಕಾಯಿಸಿ, ಹಳದಿ ಜ್ವಾಲೆ ಇಳಿದ ಮೇಲೆ ಕೀಲಿ ತಿರುಗಿಸಿದರೆ ನೀಲಿ ಉರಿ ಬರುತ್ತದೆ. ಗಾಳಿಕಿಂಡಿ ತೆರೆದಿರಲೇಬೇಕು. ಮುಚ್ಚಿದ ಟೆಂಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಬೆಂಕಿ ಹತ್ತಿದರಂತೂ ಟೆಂಟು ಉಳಿಯುವುದಿಲ್ಲ.

ಪಾತ್ರೆಗೆ ಬರೀ ಹಿಮ ತುಂಬಿ ಉರಿಯ ಮೇಲಿಟ್ಟರೆ ತಳ ಸೀದುಹೋಗುತ್ತದೆ, ನೀರಿಗೆ ಸುಟ್ಟ ವಾಸನೆ ಬರುತ್ತದೆ. ರಾತ್ರಿಯೇ ಸ್ವಲ್ಪ ನೀರು ಉಳಿಸಿಕೊಂಡು, ಅದನ್ನು ಮೊದಲು ಹೊಯ್ದು, ಹಿಮವನ್ನು ತುಸುತುಸುವೇ ಸೇರಿಸಬೇಕು. ತರಗತಿಯಲ್ಲಿ ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವ ಸಂಗತಿ ಇದು: ಸೊನ್ನೆ ಡಿಗ್ರಿಯ ಒಂದು ಕಿಲೊ ಮಂಜನ್ನು ಸೊನ್ನೆ ಡಿಗ್ರಿಯ ನೀರು ಮಾಡಲು 334 ಕಿಲೊಜೌಲ್ ಶಾಖ ಬೇಕು. ಅಷ್ಟೇ ಶಾಖದಲ್ಲಿ ಅದೇ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಗೆ ಕಾಯಿಸಬಹುದು. ಬೋರ್ಡಿನ ಮೇಲೆ ಅದೊಂದು ಸಂಖ್ಯೆ. ಅಲ್ಲಿ ಅದೇ ಸಂಖ್ಯೆ ದಿನದ ಎರಡು ಮೂರು ಗಂಟೆ ತಿನ್ನುತ್ತದೆ, ಜಾರುಬಂಡಿಯಲ್ಲಿ ಕಿಲೊಗಟ್ಟಲೆ ಇಂಧನವಾಗಿ ಕೂರುತ್ತದೆ. ಒಬ್ಬೊಬ್ಬರಿಗೆ ಕುಡಿಯಲು, ಅಡುಗೆಗೆ ಸೇರಿ ನಾಲ್ಕು ಲೀಟರಿನಷ್ಟು ಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಬದುಕುವ ನಾನು ಒಂದು ಲೋಟ ನೀರಿನ ಬೆಲೆಯನ್ನು ನಿಮಿಷಗಳಲ್ಲಿ ಎಣಿಸಿದ್ದು ಕಾಲ ಕೆಳಗೆ ಕಿಲೊಮೀಟರುಗಟ್ಟಲೆ ಮಂಜುಗಡ್ಡೆ ಇದ್ದಾಗ.

ತಿಂಡಿ ತಿಂದು, ಫ್ಲಾಸ್ಕುಗಳನ್ನು ತುಂಬಿಸಿ, ಬಟ್ಟೆ ಹಾಕಿಕೊಳ್ಳಬೇಕು. ಒಳಗೆ ಉಣ್ಣೆ, ಹೊರಗೆ ಗಾಳಿ ತಡೆಯುವ ಪದರ. ನಡೆಯುವಾಗ ಇಷ್ಟೇ. ಹೊರಡುವಾಗ ಮೈ ಸಣ್ಣಗೆ ನಡುಗಬೇಕು. ಬೆಚ್ಚಗೆ ಹೊರಟವರು ಕಾಲು ಗಂಟೆಯಲ್ಲಿ ಬೆವರುತ್ತಾರೆ, ಬೆವರಿನ ಬಟ್ಟೆ ನಿಂತ ಕೂಡಲೇ ಮೈಗೆ ಮಂಜಾಗುತ್ತದೆ. ಕಾಲಿಗೆ ತೆಳು ಸಾಕ್ಸ್, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ದಪ್ಪ ಸಾಕ್ಸ್. ಪಾದದ ಬೆವರು ಬೂಟಿಗೆ ಇಳಿಯದಿರಲು ಆ ಚೀಲ. ಬೂಟು ಒಮ್ಮೆ ಒದ್ದೆಯಾದರೆ ಮತ್ತೆ ಒಣಗುವುದಿಲ್ಲ.

ಹೆಂಗಸರು ಕೇಳಲು ನಾಚುವ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಇದನ್ನು ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ. ಗಾಳಿಗೆ ಬೆನ್ನು ಕೊಟ್ಟು, ಬೇಕಾದದ್ದನ್ನೆಲ್ಲ ಜೇಬಿನಲ್ಲಿ ಸಿದ್ಧ ಇಟ್ಟುಕೊಂಡು ಕೂತರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ರಾತ್ರಿಗೆ ಅಗಲ ಬಾಯಿಯ ಬಾಟಲಿ ಮತ್ತು ಒಂದು ಕೊಳವೆ ಇರುತ್ತದೆ, ಟೆಂಟಿನಿಂದ ಹೊರಗೆ ಹೋಗುವ ಪ್ರಮೇಯವಿಲ್ಲ. ಮುಟ್ಟಿಗೆ ಕಪ್ ಅನುಕೂಲ. ಊರಲ್ಲಿ ಹಲವು ತಿಂಗಳು ಬಳಸಿ ರೂಢಿ ಮಾಡಿಕೊಂಡು ಹೋಗಿದ್ದೆ. ಕೈ ತೊಳೆಯಲು ನೀರಿಲ್ಲ, ಹಿಮದಲ್ಲಿ ಉಜ್ಜಿ ಸ್ಯಾನಿಟೈಸರ್ ಹಚ್ಚುವುದು. ಕಸ ಎನ್ನುವುದೆಲ್ಲ ಜಾರುಬಂಡಿಯಲ್ಲೇ ಬರಬೇಕು.

ಎಂಟೂವರೆಗೆ ಸಾಲು ಹೊರಡುತ್ತದೆ. ಸೊಂಟದ ಪಟ್ಟಿಗೆ ಹಗ್ಗ, ಹಗ್ಗದ ಕೊನೆಗೆ ಶುರುವಿನಲ್ಲಿ 60 ಕಿಲೊ ಮೀರುವ ಜಾರುಬಂಡಿ. ಸ್ಕೀ ಅಡಿಗೆ ನವಿರಾದ ರೋಮದ ಪಟ್ಟಿ ಅಂಟಿಸಿರುತ್ತೇವೆ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದೆ ಹಿಡಿಯುತ್ತದೆ. ಐವತ್ತು ನಿಮಿಷ ನಡಿಗೆ, ಹತ್ತು ನಿಮಿಷ ವಿರಾಮ, ದಿನಕ್ಕೆ ಎಂಟು ಸಲ. ವಿರಾಮದ ಶಿಸ್ತು ಕಟ್ಟುನಿಟ್ಟು. ನಿಂತ ತಕ್ಷಣ ದಪ್ಪ ಪುಕ್ಕದ ಜಾಕೆಟ್ ಹಾಕಿಕೊಂಡು, ಜಾರುಬಂಡಿಯ ಮೇಲೆ ಗಾಳಿಗೆ ಬೆನ್ನು ಮಾಡಿ ಕೂತು, ಹಸಿವಿರಲಿ ಇಲ್ಲದಿರಲಿ ತಿಂದು ಕುಡಿಯಬೇಕು. ಆಮೇಲೆ ಜೊತೆಯವರ ಮುಖ ನೋಡಬೇಕು. ಮೂಗಿನ ತುದಿಯಲ್ಲೋ ಕೆನ್ನೆಯಲ್ಲೋ ಬೆಳ್ಳಗಿನ ಚುಕ್ಕೆ ಕಂಡರೆ ಅದು ಹೆಪ್ಪುಗಟ್ಟುವ ಶುರು. ಅದರ ಯಜಮಾನರಿಗೆ ಗೊತ್ತೇ ಆಗಿರುವುದಿಲ್ಲ. ಉಜ್ಜಬಾರದು, ಬೆಚ್ಚಗಿನ ಅಂಗೈ ಒತ್ತಿಟ್ಟು ಬಣ್ಣ ಮರಳುವವರೆಗೆ ಕಾಯಬೇಕು. ಒಬ್ಬರ ಮುಖವನ್ನು ದಿನಕ್ಕೆ ಅಷ್ಟು ಸಲ, ಅಷ್ಟು ಕಾಳಜಿಯಿಂದ ನೋಡುವ ಅಭ್ಯಾಸ ಆ ತಂಡದಲ್ಲಿ ಎಲ್ಲರನ್ನೂ ಹತ್ತಿರ ತಂದಿತು.

ಮುಂದೆ ನಡೆಯುವ ಸರದಿ ಎಲ್ಲರಿಗೂ ಬರುತ್ತದೆ. ದಿಕ್ಸೂಚಿಯನ್ನು ಎದೆಯ ಮುಂದೆ ಚೌಕಟ್ಟಿನಲ್ಲಿ ಕಟ್ಟಿಕೊಂಡಿರುತ್ತೇವೆ. ಕಾಂತಸೂಜಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಕಾರವಾರದಲ್ಲಿ ಇರುವ ಅಂತರ ಲೆಕ್ಕಕ್ಕೇ ಬಾರದಷ್ಟು. ಅಲ್ಲಿ ಅದು 20 ಡಿಗ್ರಿಗೂ ಮಿಕ್ಕಿ. ಅದನ್ನು ಕಳೆದು ನಡೆಯಬೇಕು. ಬಿಸಿಲಿದ್ದರೆ ಸಲೀಸು, ಸ್ವಂತ ನೆರಳು ಯಾವ ಕೋನದಲ್ಲಿ ಬೀಳುತ್ತದೆ ಎಂದು ಗುರುತಿಟ್ಟುಕೊಂಡು ಹೋಗಬಹುದು. ಗಾಳಿ ಕೊರೆದ ಹಿಮದ ಗೆರೆಗಳೂ ದಾರಿ ಹೇಳುತ್ತವೆ. ಮೋಡ ಮುಚ್ಚಿ ನೆಲವೂ ಬಾನೂ ಒಂದೇ ಬಿಳಿಯಾದ ದಿನ ಮಾತ್ರ ಸ್ಕೀಯ ತುದಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನೆಲ ಏರಿದೆಯೋ ಇಳಿದಿದೆಯೋ ಗೊತ್ತಾಗದೆ ಹೊಟ್ಟೆ ತೊಳಸುತ್ತದೆ. ಆಗ ಕೆನ್ನೆಗೆ ಗಾಳಿ ಎಲ್ಲಿ ತಾಗುತ್ತಿದೆ ಎಂಬುದನ್ನು ಹಿಡಿದುಕೊಂಡು ನಡೆಯುತ್ತಿದ್ದೆ. ಅಂಥ ದಿನ ಮುಂದಿರುವವರ ಸರದಿ ಮುಗಿದಾಗ ಮೈಗಿಂತ ಮನಸ್ಸು ದಣಿದಿರುತ್ತದೆ.

ಅಷ್ಟು ಹೊತ್ತು ಏನು ಯೋಚಿಸುತ್ತೀರಿ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮೊದಲ ವಾರ ಮನೆ, ಕೆಲಸ, ಸಾಲ. ಆಮೇಲೆ ಯೋಚನೆ ತೆಳುವಾಗಿ ಬರೀ ಲಯ ಉಳಿಯುತ್ತದೆ. ಮಧ್ಯಾಹ್ನದ ಕೊನೆಯ ಸರದಿಗಳಿಗೆ ನಾನು ತಾಳಮದ್ದಲೆಯ ಧ್ವನಿಮುದ್ರಣ ಒಯ್ದಿದ್ದೆ. ಚೆಂಡೆಯ ನಡೆ ಸ್ಕೀಯ ಹೆಜ್ಜೆಗೆ ಕೂಡುವುದಿಲ್ಲ, ಕಾಲು ತಪ್ಪುತ್ತದೆ. ಹಾಗಾಗಿ ಪದ್ಯ ದಾಟಿಸಿ ಅರ್ಥಗಾರಿಕೆಯನ್ನಷ್ಟೇ ಕೇಳುತ್ತಿದ್ದೆ. ವಾದಕ್ಕೆ ಪ್ರತಿವಾದ ಹೂಡುತ್ತ ಇಬ್ಬರು ಅರ್ಥಧಾರಿಗಳು ಗಂಟೆಗಟ್ಟಲೆ ನನ್ನ ಜೊತೆ ನಡೆದರು. ಹೊರಗೆ ಒಂದು ಗೆರೆಯೂ ಇಲ್ಲದ ಬಿಳುಪು, ಕಿವಿಯೊಳಗೆ ತುಂಬಿದ ಸಭೆ. ಒಂದು ದಿನ ಹಿಮಗುಬ್ಬಿಯೊಂದು ಎಲ್ಲಿಂದಲೋ ಬಂದು ಜಾರುಬಂಡಿಯ ಹಿಂದೆ ಹಾರಿಹಾರಿ ಕೂತಿತು. ಕರಾವಳಿಯಿಂದ ಅಷ್ಟು ದೂರ ಅದಕ್ಕೆ ತಿನ್ನಲು ಏನೂ ಇಲ್ಲ. ಅವಲಕ್ಕಿಯ ಪುಡಿ ಹಾಕಿದೆ. ತಿಂದಿತೋ ಇಲ್ಲವೋ, ಗಾಳಿ ಎಬ್ಬಿಸಿದ ಹಿಮದಲ್ಲಿ ಕಾಣಲಿಲ್ಲ.

ದಾರಿಯಲ್ಲಿ ಮನುಷ್ಯ ಕಟ್ಟಿದ್ದು ಒಂದೇ: ಡೈ-2. ಸೋವಿಯತ್ ಬಾಂಬರ್ ವಿಮಾನಗಳ ಮೇಲೆ ಕಣ್ಣಿಡಲು ಅಮೆರಿಕ ಹಿಮದ ಮೇಲೆ ಕಟ್ಟಿ, 1988ರಲ್ಲಿ ಬಿಟ್ಟುಹೋದ ರೇಡಾರ್ ಠಾಣೆ. ಅದರ ಗುಂಡನೆಯ ನೆತ್ತಿ ದಿಗಂತದಲ್ಲಿ ಚುಕ್ಕೆಯಾಗಿ ಕಂಡ ಮೇಲೂ ಬಹಳ ಹೊತ್ತು ನಡೆಯಬೇಕು. ನನಗೆ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ.

ಸಂಜೆ ಟೆಂಟ್ ಹಾಕುವುದು ದಿನದ ಅತ್ಯಂತ ಜೋಪಾನದ ಕೆಲಸ. ಗಾಳಿಗೆ ಎದುರಾದ ತುದಿಯನ್ನು ಮೊದಲು ಸ್ಕೀಗಳಿಗೆ ಕಟ್ಟಿ ಭದ್ರ ಮಾಡಿದ ಮೇಲೆಯೇ ಬಟ್ಟೆ ಬಿಚ್ಚುವುದು. ಒಬ್ಬರ ಕೈ ಯಾವಾಗಲೂ ಟೆಂಟಿನ ಮೇಲೆ ಇರಲೇಬೇಕು. ಬಿಟ್ಟರೆ ಹೋಯಿತು, ಅದನ್ನು ಹಿಡಿಯಲು ಯಾರಿಂದಲೂ ಆಗದು. ನಾಲ್ಕೂ ಬದಿಯ ಸೆರಗಿನ ಮೇಲೆ ಹಿಮ ತುಂಬಿ ತುಳಿದು, ಬಾಗಿಲ ಬಳಿ ಮೊಣಕಾಲಾಳದ ಗುಂಡಿ ತೋಡಿದರೆ ತಣ್ಣನೆಯ ಗಾಳಿ ಅಲ್ಲಿ ಇಳಿದು ನಿಲ್ಲುತ್ತದೆ, ಅಡುಗೆ ಮಾಡುವವರಿಗೆ ಕಾಲು ಇಳಿಬಿಟ್ಟು ಕೂರಲು ಜಾಗವೂ ಆಗುತ್ತದೆ. ಒಳಗೆ ಬರುವ ಮುಂಚೆ ಮೈಮೇಲಿನ ಹಿಮವನ್ನು ಪೂರಾ ಕೊಡವಬೇಕು. ಒಳಗೆ ಬಂದ ಪ್ರತಿ ಚಿಟಿಕೆ ಹಿಮವೂ ನೀರಾಗಿ, ಆ ನೀರು ಮತ್ತೆ ಮಂಜಾಗಿ ಸ್ಲೀಪಿಂಗ್ ಬ್ಯಾಗಿನಲ್ಲಿ ಉಳಿಯುತ್ತದೆ.

ಒಣಗಿಸುವ ವಿಷಯದಲ್ಲಿ ಮಾತ್ರ ನಾನು ತಂಡದ ಎಲ್ಲರಿಗಿಂತ ಅನುಭವಸ್ಥಳು. ಆಷಾಢದಲ್ಲಿ ಶಿರಸಿಯ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ, ಯಾವುದು ಮೊದಲು, ಯಾವುದು ಆಮೇಲೆ ಎಂದು ಸರದಿ ಹಾಕಿ ಬಟ್ಟೆ ಒಣಗಿಸುವ ಹಾಗೆಯೇ ಅಲ್ಲೂ. ಒಲೆ ಉರಿಯುವ ಅಷ್ಟೇ ಹೊತ್ತಿನಲ್ಲಿ ಟೆಂಟಿನ ನೆತ್ತಿಯ ಹಗ್ಗಕ್ಕೆ ಮೊದಲು ಕೈಗವಸು, ಆಮೇಲೆ ಸಾಕ್ಸ್, ಕೊನೆಗೆ ಮುಖದ ಪಟ್ಟಿ. ಒಣಗದೆ ಉಳಿದದ್ದನ್ನು ಹೊಟ್ಟೆಯ ಮೇಲಿಟ್ಟು ಮಲಗಿದರೆ ಬೆಳಗಿನೊಳಗೆ ಮೈಶಾಖಕ್ಕೆ ಒಣಗುತ್ತದೆ. ಜೊತೆಗಾತಿ ನನ್ನ ಸರದಿಯನ್ನು ನೋಡಿ ಎರಡನೇ ವಾರದಿಂದ ಹಗ್ಗದ ಕಾರುಬಾರು ನನಗೇ ಬಿಟ್ಟಳು. ಅವಳು ಪಾದಗಳನ್ನು ನೋಡಿಕೊಳ್ಳುತ್ತಿದ್ದಳು. ದಿನವೂ ಎಲ್ಲರ ಹಿಮ್ಮಡಿ, ಬೆರಳ ಸಂದು ಪರೀಕ್ಷಿಸಿ, ಕೆಂಪಾದಲ್ಲಿ ಗುಳ್ಳೆ ಏಳುವ ಮುಂಚೆಯೇ ಟೇಪು ಹಚ್ಚುತ್ತಿದ್ದಳು.

ಉಪಗ್ರಹ ಫೋನಿನಿಂದ ವಾರಕ್ಕೊಮ್ಮೆ ಮನೆಗೆ ಎರಡು ಮಾತು. ಆಯಿಯ ಪ್ರಶ್ನೆಗಳು ಬದಲಾಗುತ್ತಿರಲಿಲ್ಲ. “ಊಟ ಆತಾ? ಬೆಚ್ಚಗಿದ್ಯ?” “ಅಡ್ಡಿಲ್ಲೆ ಆಯಿ.” ಮೇ ನಡುವಿಗೆ ಅಲ್ಲಿ ಕತ್ತಲೆ ಎನ್ನುವುದೇ ಇಲ್ಲ. ಸೂರ್ಯ ತುಸು ಮುಳುಗಿ ಮತ್ತೆ ಏಳುತ್ತಾನೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದೆವು. ಬ್ಯಾಟರಿ, ಫೋನು, ಬೂಟಿನ ಒಳಪದರ, ನೀರಿನ ಬಾಟಲಿ ಎಲ್ಲ ಸ್ಲೀಪಿಂಗ್ ಬ್ಯಾಗಿನೊಳಗೇ.

ನೆತ್ತಿ ದಾಟಿ ಪೂರ್ವಕ್ಕೆ ಇಳಿಯತೊಡಗಿದ ಮೇಲೆ ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಪಿಟೆರಾಕ್ ಗಾಳಿ. ಹಿಮಹಾಸಿನ ಮೇಲೆ ತಣಿದು ಭಾರವಾದ ಗಾಳಿ ಇಳಿಜಾರಿನಲ್ಲಿ ಪೂರ್ವ ಕರಾವಳಿಯತ್ತ ಧುಮ್ಮಿಕ್ಕುತ್ತದೆ. ಗಂಟೆಗೆ 150 ಕಿಲೊಮೀಟರ್ ದಾಟುವುದೂ ಉಂಟು. 1970ರ ಫೆಬ್ರವರಿಯಲ್ಲಿ ಇದೇ ಗಾಳಿ ತಾಸಿಲಾಕ್ ಊರಿಗೆ ಭಾರಿ ಹಾನಿ ಮಾಡಿತ್ತು. ಒಂದು ಮಧ್ಯಾಹ್ನ ಹವಾಮಾನದ ಸಂದೇಶ ಬಂತು. ಆಕಾಶ ಆಗ ತಿಳಿಯಾಗಿತ್ತು, ನಡೆಯಲು ಹೇಳಿಮಾಡಿಸಿದ ದಿನ. ಮಾರ್ಗದರ್ಶಕಿ ಒಂದು ಕ್ಷಣವೂ ಯೋಚಿಸದೆ ನಿಲ್ಲಿಸಿದಳು.

ನಾಲ್ಕು ಗಂಟೆ ನಾವು ಹಿಮವನ್ನು ಗರಗಸದಿಂದ ಕೊಯ್ದೆವು. ಇಟ್ಟಿಗೆ ಇಟ್ಟಿಗೆಯಾಗಿ ಎತ್ತಿ ಎದೆಯೆತ್ತರದ ಗೋಡೆ ಕಟ್ಟಿ, ಅದರ ಮರೆಯಲ್ಲಿ ಮೂರೂ ಟೆಂಟು ಹಾಕಿದೆವು. ಟೆಂಟಿನ ಕೋಲುಗಳನ್ನು ಜೋಡಿ ಮಾಡಿದೆವು. ಎರಡು ದಿನಕ್ಕಾಗುವಷ್ಟು ನೀರು ಕಾಯಿಸಿ ಎಲ್ಲ ಫ್ಲಾಸ್ಕು, ಬಾಟಲಿ ತುಂಬಿಸಿದೆವು, ಯಾಕೆಂದರೆ ಗಾಳಿ ಬಂದ ಮೇಲೆ ಒಲೆ ಹೊತ್ತಿಸುವಂತಿಲ್ಲ. ಊಟ ಮುಗಿಸಿ, ಬೂಟು ಸಮೇತ ಪೂರ್ತಿ ಬಟ್ಟೆಯಲ್ಲಿ ಮಲಗಿದೆವು. ಟೆಂಟು ಹರಿದು ಮೈಮೇಲೆ ಬಿದ್ದರೆ ಕೊಯ್ದು ಹೊರಬರಲು ಚಾಕು ಕತ್ತಿನ ದಾರದಲ್ಲಿ.

ರಾತ್ರಿ ಹನ್ನೊಂದರ ಸುಮಾರಿಗೆ ಅದು ಬಂತು. ಮೊದಲು ದೂರದಲ್ಲಿ ಒಂದು ಮೊರೆತ, ಆಮೇಲೆ ಪೆಟ್ಟು. ಟೆಂಟಿನ ಬಟ್ಟೆ ನಮ್ಮ ಮುಖದವರೆಗೂ ಬಾಗಿ ಮತ್ತೆ ಚಿಮ್ಮುತ್ತಿತ್ತು. ಪಕ್ಕದಲ್ಲೇ ಮಲಗಿದವಳ ಕಿವಿಗೆ ಬಾಯಿಟ್ಟು ಕೂಗಿದರೂ ಅರ್ಧ ಕೇಳುತ್ತಿರಲಿಲ್ಲ. ಗೋಡೆಯ ಮರೆಯಲ್ಲಿ ಹಿಮ ಶೇಖರವಾಗಿ ಟೆಂಟನ್ನು ಹೂಳತೊಡಗುತ್ತದೆ. ಅದಕ್ಕೆ ಎರಡು ಗಂಟೆಗೊಮ್ಮೆ ಒಬ್ಬರು ಸಲಿಕೆ ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗೆ ಹೋಗಬೇಕು. ನಿಲ್ಲಲಾಗದೆ ಮಂಡಿಯೂರಿ ತೆವಳಿ, ಬಾಗಿಲು, ಗಾಳಿಕಿಂಡಿ, ಬದಿಗಳನ್ನು ಬಿಡಿಸಿ ಬರಬೇಕು. ಹೆದರಿಕೆಯಾಯಿತು. ಆದರೆ ಅದು ಕೆಲಸಕ್ಕೆ ಅಡ್ಡ ಬರಲಿಲ್ಲ, ಯಾಕೆಂದರೆ ಮಾಡಬೇಕಾದ ಕೆಲಸ ಪ್ರತಿ ಸಲವೂ ಒಂದೇ ಆಗಿತ್ತು, ಕೈಗೆ ರೂಢಿಯಿತ್ತು. ಸರದಿ ಮುಗಿಸಿ ಒಳಬಂದಾಗ ಜೊತೆಗಾತಿ ಫ್ಲಾಸ್ಕಿನಿಂದ ಬಿಸಿ ಮುರುಗಲು ನೀರು ಬಗ್ಗಿಸಿ ಕೈಗಿಡುತ್ತಿದ್ದಳು. ಅವಳು ಬಂದಾಗ ನಾನು. ಮರುದಿನ ಸಂಜೆಯ ಹೊತ್ತಿಗೆ ಗಾಳಿ ಇಳಿಯಿತು. ಗೋಡೆಯ ಮೇಲಿನ ಸಾಲುಗಳನ್ನು ಗಾಳಿ ಸವೆಸಿ ಹಾಕಿತ್ತು. ಮೂರೂ ಟೆಂಟು ನಿಂತಿದ್ದವು.

ಕೊನೆಯ ದಿನಗಳು ಬೇಗ ಕಳೆದವು. ದಿಗಂತದಲ್ಲಿ ಕರಿಯ ಬೆಟ್ಟಗಳ ತುದಿ ಕಂಡಾಗ ಎಲ್ಲರೂ ನಿಂತು ನೋಡಿದೆವು, ವಾರಗಟ್ಟಲೆ ಕಂಡಿರದ ಬಣ್ಣ ಅದು. ಅಂಚಿನಲ್ಲಿ ಬಿರುಕುಗಳಿರುವುದರಿಂದ ಪರಸ್ಪರ ಹಗ್ಗ ಕಟ್ಟಿಕೊಂಡು ಇಳಿದೆವು. ಹಿಮಕರಡಿಯ ಸಂಚಾರವಿರುವ ಕರಾವಳಿಯಾದ್ದರಿಂದ ರಾತ್ರಿ ಸರದಿಯಲ್ಲಿ ಒಬ್ಬೊಬ್ಬರು ಬಂದೂಕು ಇಟ್ಟುಕೊಂಡು ಕಾವಲು ಕೂತೆವು. ಕರಡಿ ಬರಲಿಲ್ಲ. ಸಮುದ್ರ ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಬಂತು. ಕಾರವಾರದಲ್ಲಿ ದಿನವೂ ಉಸಿರಾಡುವ ವಾಸನೆ.

ಊರಿಗೆ ಬಂದ ಮೇಲೆ ಕಾಲಿನ ಹೆಬ್ಬೆರಳುಗಳ ತುದಿಗೆ ಬಹಳ ದಿನ ಸ್ಪರ್ಶವಿರಲಿಲ್ಲ. ನರಗಳು ನಿಧಾನವಾಗಿ ಚೇತರಿಸಿಕೊಳ್ಳುತ್ತವೆ ಎಂದು ವೈದ್ಯರು ಹೇಳಿದ್ದರು, ದೀಪಾವಳಿಯ ಹೊತ್ತಿಗೆ ಸರಿಹೋಯಿತು. ಹಸಿವು ಮಾತ್ರ ತಿಂಗಳಾದರೂ ಇಳಿಯಲಿಲ್ಲ. ಆಯಿ, ಅತ್ತಿಗೆ ಜೊತೆ ಕೂತು ಒಂದೊಂದೇ ತಿಂಡಿಯ ಲೆಕ್ಕ ತೆಗೆದೆವು. ತುಪ್ಪ ಅಳತೆಗೆ ಸರಿಯಾಗಿತ್ತು. ಕೊಬ್ಬರಿ ಸಾಕಾಗಲಿಲ್ಲ, ಬೇರೆಯವರೂ ಕೇಳಿ ತಿಂದರು. ಎಳ್ಳುಂಡೆ ಚಳಿಯಲ್ಲೂ ಹಲ್ಲಿಗೆ ಪುಡಿಯಾಗುತ್ತದೆ. ಚಿಕ್ಕಿ ಸಣ್ಣಗಿದ್ದರೂ ಕಲ್ಲಾಗುತ್ತದೆ, ಹಲ್ಲಿಗೆ ಅಪಾಯ. ಅದರ ಜಾಗಕ್ಕೆ ಶೇಂಗಾವನ್ನು ಹುರಿದು ತುಪ್ಪದಲ್ಲಿ ಕಟ್ಟಿದ ಉಂಡೆ ಮಾಡಬೇಕು ಎಂದು ಆಯಿ ಹೇಳಿದಳು. ಸುಕೇಳಿಯನ್ನು ಇನ್ನೂ ತೆಳ್ಳಗೆ ಸೀಳಿ ಒಣಗಿಸಬೇಕು. ಅತ್ತಿಗೆ ಇದನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿಟ್ಟಿದ್ದಾಳೆ.